ಕಾರ್ಡಾದ್ರೆ ಎರಡು ಪರ್ಸೆಂಟ್ ಜಾಸ್ತಿ: ದಾವಣಗೆರೆ ಗಿರಾಕಿಗಳೂ ಅಂಗಡಿಯವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಚೌಕಿಪೇಟೆ, ಮಂಡಿಪೇಟೆ ಕಡೆಯ ಒಂದಷ್ಟು ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಹೊಟ್ಟೆಪಾಡು. ಹಗಲೆಲ್ಲ ಗಲ್ಲಾದ ಒಳಗಡೆ ಕೂತಿರುತ್ತೇನೆ. ಸಂಜೆಯಾದರೆ ಅದೇ ಗಲ್ಲಾದ ಹೊರಗೆ ನಿಂತು ನಾನೂ ದುಡ್ಡು ಕೊಡುವವನೇ. ಹಾಗಾಗಿ ಎರಡೂ ಕಡೆಯವರು ನನ್ನನ್ನೇ ಹಿಡಿಯುತ್ತಾರೆ. ಗಿರಾಕಿ "ಇದು ಅನ್ಯಾಯ ಅಲ್ವೇನ್ರಿ" ಅಂತಾರೆ. ಅಂಗಡಿಯವರು "ಬ್ಯಾಂಕ್‌ನೋರು ಕತ್ತರಿಸಿದ್ದನ್ನ ನಾವು ಮನೆಯಿಂದ ತಂದು ಹಾಕ್ಬೇಕೇನ್ರಿ" ಅಂತಾರೆ. ಮದುವೆ ಸೀಜನ್ ಬಂತೆಂದರೆ ಈ ಜಗಳ ಇನ್ನೂ ಜೋರು. ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಕಾರ್ಡ್ ಉಜ್ಜಿದರೆ ಶೇ. 2 ಜಾಸ್ತಿ ಅಂತಾರೆ. ಆ ದುಡ್ಡು ಯಾರ ಜೇಬಿಗೆ ಹೋಗುತ್ತದೆ?

ನೀವು 10,000 ರೂಪಾಯಿ ಸೀರೆಗೆ ಕ್ರೆಡಿಟ್ ಕಾರ್ಡ್ ಕೊಟ್ಟಿರಿ ಅನ್ನೋಣ. ಅಂಗಡಿಯವರ ಖಾತೆಗೆ ಪೂರ್ತಿ 10,000 ಬರುವುದಿಲ್ಲ. ಶೇ. 2ರ ಕರಾರಿದ್ದರೆ 200 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ ಅಂತ 36 ರೂಪಾಯಿ ಮುರಿದುಕೊಂಡು 9,764 ಬರುತ್ತದೆ. ಆ 200ರಲ್ಲಿ ದೊಡ್ಡ ಪಾಲು ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ. ಉಳಿದದ್ದರಲ್ಲಿ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಥರದ ಜಾಲದವರಿಗೊಂದಿಷ್ಟು, ಅಂಗಡಿಗೆ ಮೆಷಿನ್ ಕೊಟ್ಟ ಬ್ಯಾಂಕಿಗೊಂದಿಷ್ಟು. ನಿಮ್ಮ ರಿವಾರ್ಡ್ ಪಾಯಿಂಟು, ಕ್ಯಾಶ್‌ಬ್ಯಾಕುಗಳಿಗೂ ಮೂಲ ಬಹುಪಾಲು ಇದೇ ದುಡ್ಡು.

ಇದಕ್ಕೆ ಎಂಡಿಆರ್ ಅಂತ ಹೆಸರು, ಬಿಡಿಸಿದರೆ ಮರ್ಚೆಂಟ್ ಡಿಸ್ಕೌಂಟ್ ರೇಟ್. ಹೆಸರಿನಲ್ಲಿ ಮರ್ಚೆಂಟ್ ಇದ್ದಾನೆ, ಗಿರಾಕಿ ಇಲ್ಲ. ಅಂಗಡಿಯವರು ಬ್ಯಾಂಕಿನ ಜೊತೆ ಮಾಡಿಕೊಂಡ ಕರಾರು ಅದು. ಅಂಗಡಿ ಬಾಡಿಗೆ, ಕರೆಂಟ್ ಬಿಲ್ಲು, ಹಮಾಲಿ ಇದ್ದ ಹಾಗೆ ಇದೂ ವ್ಯಾಪಾರದ ಖರ್ಚು. "ಲಾರಿಯಿಂದ ಮೂಟೆ ಇಳಿಸಿದ್ದಕ್ಕೆ ಎಂಟಾಣೆ ಸೇರಿಸಿ ಕೊಡಿ" ಅಂತ ಯಾರೂ ಗಿರಾಕಿಗೆ ಬೇರೆ ಚೀಟಿ ಹಿಡಿಸುವುದಿಲ್ಲವಲ್ಲ.

ಫೋನ್‌ಪೇಯಲ್ಲಿ ಕೊಟ್ಟೆ. ಅದಕ್ಕೂ ಚಾರ್ಜ್ ಕೇಳಿದರು. ಕೊಡಬೇಕಾ?

ಬೇಡ. ಫೋನ್‌ಪೇ, ಗೂಗಲ್ ಪೇ, ಭೀಮ್, ಯಾವುದಾದರೂ ಸರಿ: ಬ್ಯಾಂಕ್ ಖಾತೆಯಿಂದ ಯುಪಿಐ ಮೂಲಕ ಹೋದ ದುಡ್ಡಿಗೆ ಎಂಡಿಆರ್ ಇಲ್ಲ. 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಗೆ 2019ರಲ್ಲಿ 10ಎ ಅಂತ ಒಂದು ಕಲಂ ಸೇರಿಸಿದರು. ಅದರ ಪ್ರಕಾರ ರುಪೇ ಡೆಬಿಟ್ ಕಾರ್ಡ್, ಯುಪಿಐ, ಯುಪಿಐ ಕ್ಯೂಆರ್ ಕೋಡ್ ಈ ಮೂರಕ್ಕೆ ಬ್ಯಾಂಕುಗಳು ಕೊಡುವವರ ಹತ್ತಿರವೂ ತಗೊಳ್ಳುವವರ ಹತ್ತಿರವೂ ಶುಲ್ಕ ವಸೂಲಿ ಮಾಡುವಂತಿಲ್ಲ. 2020ರ ಜನವರಿ 1ರಿಂದ ಇದು ಜಾರಿಯಲ್ಲಿದೆ.

ಅಂದರೆ ಅಂಗಡಿಯವರಿಗೆ ಬೀಳದೇ ಇರುವ ಖರ್ಚನ್ನು ನಿಮ್ಮ ತಲೆಗೆ ಕಟ್ಟುತ್ತಿದ್ದಾರೆ. ಇಲ್ಲದ ಹಮಾಲಿಗೆ ಕೂಲಿ ಕೇಳಿದ ಹಾಗೆ. "ಸೌಂಡ್‌ಬಾಕ್ಸಿಗೆ ಬಾಡಿಗೆ ಕಟ್ತೀವಲ್ರಿ" ಅಂತ ಒಬ್ಬರು ನನ್ನ ಹತ್ತಿರ ವಾದ ಮಾಡಿದರು. ಕಟ್ಟುತ್ತಾರೆ, ಸುಳ್ಳಲ್ಲ. ಆದರೆ ಅದು ತಿಂಗಳ ಬಾಡಿಗೆ. ದಿನಕ್ಕೆ ನೂರು ಸಲ ಕೂಗಿದರೂ ಅಷ್ಟೇ, ಒಂದೇ ಸಲ ಕೂಗಿದರೂ ಅಷ್ಟೇ.

ಹಾಗಾದರೆ ಡೆಬಿಟ್ ಕಾರ್ಡಿಗೆ?

ರುಪೇ ಡೆಬಿಟ್ ಆದರೆ ಮೇಲಿನ ಉತ್ತರವೇ, ಸೊನ್ನೆ. ವೀಸಾ, ಮಾಸ್ಟರ್‌ಕಾರ್ಡ್ ಡೆಬಿಟ್ ಆದರೆ ಅಂಗಡಿಯವರಿಗೆ ಸ್ವಲ್ಪ ಬೀಳುತ್ತದೆ. ಅದಕ್ಕೆ ರಿಸರ್ವ್ ಬ್ಯಾಂಕ್ 2018ರ ಜನವರಿಯಿಂದ ಮಿತಿ ಹಾಕಿದೆ. ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟು ಇರುವ ಸಣ್ಣ ಅಂಗಡಿಗೆ ಹೆಚ್ಚೆಂದರೆ ಶೇ. 0.40, ಅದೂ ಒಂದು ವ್ಯವಹಾರಕ್ಕೆ 200 ರೂಪಾಯಿ ದಾಟುವಂತಿಲ್ಲ. ಅದಕ್ಕಿಂತ ದೊಡ್ಡ ಅಂಗಡಿಗೆ ಹೆಚ್ಚೆಂದರೆ ಶೇ. 0.90, ಮಿತಿ 1,000 ರೂಪಾಯಿ. ಈ ಮಿತಿ ಹಾಕಿದ ಸುತ್ತೋಲೆಯಲ್ಲೇ, ಡೆಬಿಟ್ ಕಾರ್ಡಿನ ಎಂಡಿಆರ್ ಅನ್ನು ಅಂಗಡಿಯವರು ಗಿರಾಕಿಗೆ ದಾಟಿಸದಂತೆ ಬ್ಯಾಂಕುಗಳು ನೋಡಿಕೊಳ್ಳಬೇಕು ಅಂತಲೂ ಇದೆ.

ಈಗ ಲೆಕ್ಕ ಹಾಕಿ. 10,000ದ ಬಿಲ್ಲಿಗೆ ಸಣ್ಣ ಅಂಗಡಿಯವರಿಗೆ ಬೀಳುವುದು ಹೆಚ್ಚೆಂದರೆ 40 ರೂಪಾಯಿ ಮತ್ತು ಅದರ ಜಿಎಸ್‌ಟಿ. ಅವರು ಕೇಳುವುದು 200. ಉಳಿದದ್ದು ಬ್ಯಾಂಕಿಗಂತೂ ಹೋಗುವುದಿಲ್ಲ. ಎಷ್ಟೋ ಅಂಗಡಿಗಳಲ್ಲಿ ಇದು ಮೋಸದ ಬುದ್ಧಿಯಿಂದ ಆಗುತ್ತಿಲ್ಲ ಅನ್ನುವುದನ್ನೂ ಹೇಳಬೇಕು. ಗಲ್ಲಾದಲ್ಲಿ ಕೂತ ಹುಡುಗನಿಗೆ ಡೆಬಿಟ್ಟಿಗೂ ಕ್ರೆಡಿಟ್ಟಿಗೂ ವ್ಯತ್ಯಾಸವೇ ಗೊತ್ತಿರುವುದಿಲ್ಲ. ಕಾರ್ಡ್ ಕಂಡರೆ ಎರಡು ಪರ್ಸೆಂಟ್, ಅಷ್ಟೇ ಅವನಿಗೆ ಕಲಿಸಿರುವುದು.

ಕ್ರೆಡಿಟ್ ಕಾರ್ಡಿಗಾದರೂ ಕೇಳಬಹುದಾ?

ನಿಜವಾದ ತಿಕ್ಕಾಟ ಇರುವುದು ಇಲ್ಲೇ. ಕ್ರೆಡಿಟ್ ಕಾರ್ಡಿನ ಎಂಡಿಆರ್‌ಗೆ ರಿಸರ್ವ್ ಬ್ಯಾಂಕ್ ಮಿತಿ ಹಾಕಿಲ್ಲ. ಅಂಗಡಿಯ ವಹಿವಾಟು, ಚೌಕಾಸಿ ಮಾಡುವ ಗಟ್ಟಿತನ ನೋಡಿಕೊಂಡು ಶೇ. 1.5ರಿಂದ 2.5ರ ಸುಮಾರಿಗೆ ಇರುತ್ತದೆ. ಡೆಬಿಟ್ಟಿಗೆ ಇರುವಷ್ಟು ಸ್ಪಷ್ಟ ಸುತ್ತೋಲೆಯ ರಕ್ಷಣೆ ಗಿರಾಕಿಗೆ ಇಲ್ಲಿಲ್ಲ. ಆದರೆ ಮೆಷಿನ್ ಕೊಡುವಾಗ ಬ್ಯಾಂಕ್ ಸಹಿ ಹಾಕಿಸಿಕೊಳ್ಳುವ ಕರಾರಿನಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಕಾರ್ಡ್ ಕೊಟ್ಟವರಿಂದ ಹೆಚ್ಚುವರಿ ಹಣ ವಸೂಲಿ ಮಾಡಬಾರದು. ಆ ಕರಾರನ್ನು ಪೂರ್ತಿ ಓದಿದ ಅಂಗಡಿಯವರನ್ನು ನಾನಿನ್ನೂ ನೋಡಿಲ್ಲ. ಮೆಷಿನ್ ತಂದ ಹುಡುಗ ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿರುತ್ತಾರೆ.

ಅಂಗಡಿಯವರ ಸಂಕಟವೂ ಒಂದೇ ಥರದ್ದಲ್ಲ. ಜವಳಿ ಅಂಗಡಿಯಲ್ಲಿ ಲಾಭದ ಅಂಚು ದೊಡ್ಡದು. ಎರಡು ಪರ್ಸೆಂಟ್ ಹೋದರೆ ಅಳುವಂಥದ್ದೇನಿಲ್ಲ, ಚೌಕಾಸಿಯಲ್ಲೇ ಅದಕ್ಕಿಂತ ಜಾಸ್ತಿ ಬಿಟ್ಟಿರುತ್ತಾರೆ. ಮಂಡಿಪೇಟೆಯ ಸಗಟು ಕಿರಾಣಿ ಹಾಗಲ್ಲ. ಸಕ್ಕರೆ, ಎಣ್ಣೆ ಡಬ್ಬದಲ್ಲಿ ನೂರಕ್ಕೆ ಎರಡೋ ಮೂರೋ ರೂಪಾಯಿ ಉಳಿದರೆ ಅದೇ ದೊಡ್ಡದು. ಅಲ್ಲಿ ಯಾರಾದರೂ ಕ್ರೆಡಿಟ್ ಕಾರ್ಡ್ ತೆಗೆದರೆ ಸಾಹುಕಾರರ ಮುಖ ಬಾಡುವುದು ಸಹಜ. ಚಿನ್ನದ ಅಂಗಡಿಯವರದೂ ಹೆಚ್ಚುಕಮ್ಮಿ ಇದೇ ಕಥೆ.

ಅದಕ್ಕೇನು ದಾರಿ? ಕ್ರೆಡಿಟ್ ಕಾರ್ಡ್ ತಗೊಳ್ಳಲೇಬೇಕು ಅಂತ ಸಣ್ಣ ಅಂಗಡಿಗೆ ಯಾವ ಕಾನೂನೂ ಇಲ್ಲ. "ಕ್ರೆಡಿಟ್ ಕಾರ್ಡ್ ಇಲ್ಲ, ಯುಪಿಐ ಇದೆ" ಅಂತ ಬಾಗಿಲಲ್ಲೇ ಬರೆದು ಹಾಕಿದರೆ ಯಾರೂ ತಪ್ಪು ಹೇಳುವುದಿಲ್ಲ. ಮೆಷಿನ್ ಇಟ್ಟುಕೊಂಡು, ಸಾಮಾನೆಲ್ಲ ಪ್ಯಾಕ್ ಮಾಡಿ, ಗಿರಾಕಿ ಕಾರ್ಡ್ ತೆಗೆದ ಮೇಲೆ "ಎರಡು ಪರ್ಸೆಂಟ್ ಬೀಳ್ತತಿ ನೋಡ್ರಿ" ಅನ್ನುವುದಿದೆಯಲ್ಲ, ನನ್ನ ತಕರಾರು ಅದಕ್ಕೆ.

ನಾನು ಅಂಗಡಿಯವ. ಸೌಂಡ್‌ಬಾಕ್ಸ್ 5,600 ಬಂತು ಅಂದಿತು, ಖಾತೆಗೆ ಅದಕ್ಕಿಂತ ಕಮ್ಮಿ ಬಂದಿದೆ. ಯುಪಿಐ ಫ್ರೀ ಅಂತೀರಿ, ಇದೇನು?

ಕಳೆದ ಎರಡು ವರ್ಷದಲ್ಲಿ ಅಂಗಡಿಯವರು ನನ್ನನ್ನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಗಿರಾಕಿ ಸ್ಕ್ಯಾನ್ ಮಾಡಿದ್ದು ಯುಪಿಐ ಕೋಡನ್ನೇ, ಆದರೆ ದುಡ್ಡು ಬಂದದ್ದು ಅವರ ರುಪೇ ಕ್ರೆಡಿಟ್ ಕಾರ್ಡಿನಿಂದ. 2022ರ ಸೆಪ್ಟೆಂಬರಿನಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಳ್ಳಬಹುದು. ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿವರೆಗೆ ಇದಕ್ಕೂ ಎಂಡಿಆರ್ ಇಲ್ಲ. ಅದರ ಮೇಲೆ ಹೋದರೆ ಕ್ರೆಡಿಟ್ ಕಾರ್ಡಿನ ಹಾಗೆಯೇ ಬೀಳುತ್ತದೆ. ಕಾರ್ಡ್ ಆದರೆ ಕೈಗೆ ಕೊಡುವಾಗ ಕಣ್ಣಿಗೆ ಕಾಣುತ್ತದೆ. ಇಲ್ಲಿ ಗಿರಾಕಿ ಯಾವುದರಿಂದ ಕೊಡುತ್ತಿದ್ದಾರೆ ಅನ್ನುವುದು ಅವರ ಮೊಬೈಲಿಗೆ ಮಾತ್ರ ಗೊತ್ತು; ಸೌಂಡ್‌ಬಾಕ್ಸ್ ಎರಡಕ್ಕೂ ಒಂದೇ ದನಿಯಲ್ಲಿ ಕೂಗುತ್ತದೆ.

ವ್ಯಾಪಾರಿ ಆ್ಯಪಿನಲ್ಲಿ ಸೆಟ್ಲ್‌ಮೆಂಟ್ ವಿವರ ತೆರೆದು ನೋಡಿ, ಯಾವ ವ್ಯವಹಾರಕ್ಕೆ ಎಷ್ಟು ಕತ್ತರಿಸಿದ್ದಾರೆ ಅಂತ ಸಾಲುಸಾಲಾಗಿ ಇರುತ್ತದೆ. ಕ್ರೆಡಿಟ್ ಬೇಡವೇ ಬೇಡ ಅನಿಸಿದರೆ ಅದನ್ನು ನಿಲ್ಲಿಸಲು ಕ್ಯೂಆರ್ ಕೊಟ್ಟವರನ್ನು ಕೇಳಿ. ಅದು ಬಿಟ್ಟು ಯುಪಿಐ ಅಂದವರಿಗೆಲ್ಲ ಎರಡು ಪರ್ಸೆಂಟ್ ಹಾಕಬೇಡಿ. ನೂರರಲ್ಲಿ ಐದು ಜನ ಕ್ರೆಡಿಟ್ಟಿನಿಂದ ಕೊಟ್ಟರು ಅಂತ ಉಳಿದ ತೊಂಬತ್ತೈದು ಜನ ದಂಡ ಕಟ್ಟುವುದು ಯಾವ ನ್ಯಾಯ?

ಎಂಆರ್‌ಪಿ ಇರುವ ಸಾಮಾನಿಗೆ ಕಾರ್ಡ್ ಚಾರ್ಜ್ ಸೇರಿಸಿದರೆ?

ಎಂಆರ್‌ಪಿಗೇ ಮಾರಿ ಅದರ ಮೇಲೆ ಎರಡು ಪರ್ಸೆಂಟ್ ಹಾಕಿದರೆ ಎಂಆರ್‌ಪಿ ಮೀರಿದಂತಾಯಿತು. ಅದು ಕಾನೂನು ಮಾಪನಶಾಸ್ತ್ರ ಇಲಾಖೆಯವರ ಕೈಗೆ ಹೋಗುವ ತಪ್ಪು, ನಮ್ಮ ಕಡೆ ತೂಕ ಮತ್ತು ಅಳತೆಯವರು ಅಂತ ಕರೆಯುವುದು ಅವರನ್ನೇ. ಮೊಬೈಲ್, ಮಿಕ್ಸಿ, ಫ್ರಿಜ್ ಮಾರುವವರು ಗಮನಿಸಬೇಕು. ಎಂಆರ್‌ಪಿಗಿಂತ ಕಮ್ಮಿಗೆ ಮಾರಿ, ಚಾರ್ಜ್ ಸೇರಿದರೂ ಎಂಆರ್‌ಪಿ ಒಳಗೇ ಇದ್ದರೆ ಈ ತಪ್ಪು ಬರುವುದಿಲ್ಲ. ಕಾರ್ಡಿನ ಕರಾರಿನ ಪ್ರಶ್ನೆ ಹಾಗೇ ಉಳಿಯುತ್ತದೆ.

"ಕಾರ್ಡಿಗೆ ಜಾಸ್ತಿ ಅಲ್ಲ, ಕ್ಯಾಶ್ ಕೊಟ್ಟರೆ ಡಿಸ್ಕೌಂಟ್" ಅಂತಾರೆ. ಎರಡೂ ಒಂದೇ ಅಲ್ವಾ?

ಗಣಿತದಲ್ಲಿ ಒಂದೇ. ಗಿರಾಕಿಯ ಮನಸ್ಸಿನಲ್ಲಿ ಒಂದೇ ಅಲ್ಲ, ಕಾನೂನಿನಲ್ಲೂ ಅಲ್ಲ. ಸೀರೆಗೆ 5,000 ಅಂತ ಚೀಟಿ ಅಂಟಿಸಿ, ನಗದು ಕೊಟ್ಟವರಿಗೆ 4,900ಕ್ಕೆ ಬಿಟ್ಟರೆ ಅದು ಅಂಗಡಿಯವರ ಇಷ್ಟ, ನಮ್ಮಲ್ಲಿ ಚೌಕಾಸಿ ಇದ್ದೇ ಇದೆ. 4,900 ಅಂತ ಚೀಟಿ ಅಂಟಿಸಿ ಗಲ್ಲಾದ ಹತ್ತಿರ 5,000 ಕೇಳಿದರೆ, ಒಪ್ಪಿದ ದರಕ್ಕಿಂತ ಜಾಸ್ತಿ ಕೇಳಿದ ಹಾಗೆ. ಮೊದಲೇ ಹೇಳುವುದು, ಆಮೇಲೆ ಹೇಳುವುದು, ವ್ಯತ್ಯಾಸ ಇಷ್ಟೇ.

ಇನ್ನೊಂದು ಮಾತು. ಮದುವೆ ಜವಳಿ, ಒಡವೆ ತೆಗೆಯುವವರು ಡಿಸ್ಕೌಂಟ್ ಆಸೆಗೆ ನೋಟಿನ ಕಟ್ಟು ಹೊತ್ತು ಬರುತ್ತಾರೆ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದನ್ನು ಒಬ್ಬರಿಂದ ಒಂದು ದಿನದಲ್ಲಿ ತಗೊಳ್ಳುವ ಹಾಗಿಲ್ಲ. ಸಿಕ್ಕಿಬಿದ್ದರೆ ತಗೊಂಡವರಿಗೆ ಅಷ್ಟೇ ಮೊತ್ತದ ದಂಡ. ಕ್ಯಾಶ್ ಡಿಸ್ಕೌಂಟಿನ ಹಿಂದೆ "ಬಿಲ್ ಬೇಡ ಅಲ್ವಾ?" ಅನ್ನುವ ಪ್ರಶ್ನೆ ಬಂದರೆ ಅಲ್ಲಿ ಉಳಿಯುತ್ತಿರುವುದು ಕಾರ್ಡಿನ ಚಾರ್ಜಲ್ಲ, ತೆರಿಗೆ.

ನಾನು ಮೊಳಕಾಲ್ಮೂರು ಸೀರೆಗಳನ್ನು ವಾಟ್ಸ್ಆ್ಯಪ್‌ನಲ್ಲಿ ತೋರಿಸಿ ಮಾರುತ್ತೇನೆ. ಪೇಮೆಂಟ್ ಲಿಂಕಿನವರು ಶೇ. 2 ಕತ್ತರಿಸುತ್ತಾರೆ. ಅದನ್ನು ಬಿಲ್ಲಿಗೆ ಸೇರಿಸಲಾ?

ಮೊದಲು ಲೆಕ್ಕ ಸರಿ ಮಾಡಿಕೊಳ್ಳಿ, ಇದರಲ್ಲಿ ಬಹಳ ಜನ ಎಡವುತ್ತಾರೆ. ಸೀರೆಗೆ 8,000 ನಿಮ್ಮ ಕೈಗೆ ಬರಬೇಕು. ಗೇಟ್‌ವೇ (ಪೇಮೆಂಟ್ ಲಿಂಕ್ ಕೊಟ್ಟವರು) ಶುಲ್ಕ ಶೇ. 2, ಅದರ ಜಿಎಸ್‌ಟಿ ಸೇರಿ ಶೇ. 2.36. ನೀವು 8,000ಕ್ಕೆ ಎರಡು ಪರ್ಸೆಂಟ್ ಅಂತ 160 ಸೇರಿಸಿ 8,160 ಕೇಳಿದಿರಿ. ಶುಲ್ಕ ಬೀಳುವುದು ಈ 8,160ರ ಮೇಲೆ. ಕೈಗೆ ಬರುವುದು 7,967 ಚಿಲ್ಲರೆ. ಗಿರಾಕಿಯ ಕೈಲೂ ಬೈಸಿಕೊಂಡಿರಿ, 32 ರೂಪಾಯಿಯೂ ಹೋಯಿತು. ಪೂರ್ತಿ 8,000 ಬರಬೇಕೆಂದರೆ 8,000ವನ್ನು 0.9764ರಿಂದ ಭಾಗಿಸಬೇಕು: 8,193 ರೂಪಾಯಿ 36 ಪೈಸೆ.

ನನ್ನನ್ನು ಕೇಳಿದರೆ, ಸೀರೆಗೇ 8,200 ಅಂತ ದರ ಹಾಕಿ ಕೈತೊಳೆದುಕೊಳ್ಳಿ. ಮೊಳಕಾಲ್ಮೂರು ರೇಷ್ಮೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅಂಚು, ಸೆರಗು ನೋಡಿ ಮನಸೋತವರು 200 ರೂಪಾಯಿಗೆ ಹಿಂದೆ ಸರಿಯುವುದಿಲ್ಲ. ಆದರೆ ಕೊನೆಯಲ್ಲಿ "ಪೇಮೆಂಟ್ ಚಾರ್ಜ್ 193" ಅಂತ ಕಂಡರೆ ಸರಿಯುತ್ತಾರೆ. ನೇರವಾಗಿ ಯುಪಿಐಗೆ ಹಾಕುವವರಿಗೆ ಬೇಕಿದ್ದರೆ 200 ಬಿಡಿ, ಖುಷಿಪಡುತ್ತಾರೆ.

ವೆಬ್‌ಸೈಟ್ ಮಾಡಿಕೊಂಡು ಮಾರುವವರಿಗೆ ಇನ್ನೊಂದು ಎಚ್ಚರಿಕೆ. ಮೊದಲು ಕಮ್ಮಿ ದರ ತೋರಿಸಿ, ದುಡ್ಡು ಕಟ್ಟುವ ಕೊನೆ ಪುಟದಲ್ಲಿ ಒಂದೊಂದೇ ಶುಲ್ಕ ತೊಟ್ಟಿಕ್ಕಿಸುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ 'ಡಾರ್ಕ್ ಪ್ಯಾಟರ್ನ್', ಅಂದರೆ ಗಿರಾಕಿಯನ್ನು ಯಾಮಾರಿಸುವ ತಂತ್ರಗಳ, ಪಟ್ಟಿಗೆ ಸೇರಿಸಿದೆ.

ರೈಲು ಟಿಕೆಟ್, ಕರೆಂಟ್ ಬಿಲ್, ಕಾಲೇಜು ಫೀಸಿಗೆ 'ಕನ್ವೀನಿಯನ್ಸ್ ಫೀ' ಅಂತ ತಗೊಳ್ಳುತ್ತಾರಲ್ಲ, ಅವರಿಗೆ ಬೇರೆ ಕಾನೂನಾ?

ಕನ್ವೀನಿಯನ್ಸ್ ಫೀ ಅಂದರೆ ಆನ್‌ಲೈನ್ ಸೌಕರ್ಯ ಕೊಟ್ಟಿದ್ದಕ್ಕೆ ಶುಲ್ಕ, ಪಾವತಿಗೆ ಅಲ್ಲ ಅನ್ನುವುದು ಅವರ ವಾದ. ಐಆರ್‌ಸಿಟಿಸಿ 2019ರ ಸೆಪ್ಟೆಂಬರಿನಲ್ಲಿ ಇದನ್ನು ಮತ್ತೆ ಶುರು ಮಾಡಿದಾಗ ಎಸಿ ಇಲ್ಲದ ಟಿಕೆಟಿಗೆ 15, ಎಸಿಗೆ 30 ರೂಪಾಯಿ ಇಟ್ಟಿತು. ಭೀಮ್ ಯುಪಿಐಯಲ್ಲಿ ಕೊಟ್ಟರೆ 10 ಮತ್ತು 20, ಮೇಲೆ ಜಿಎಸ್‌ಟಿ. ಬರೀ ಸೌಕರ್ಯದ ಶುಲ್ಕವಾದರೆ ಕೊಡುವ ವಿಧಾನ ಬದಲಾದ ತಕ್ಷಣ ಯಾಕೆ ಬದಲಾಗಬೇಕು ಅಂತ ನೀವು ಕೇಳಿದರೆ, ನನ್ನದೂ ಅದೇ ಪ್ರಶ್ನೆ.

ಕಾಲೇಜು ಫೀಸಿನಲ್ಲಿ ಮಾತ್ರ ಹುಷಾರಾಗಿರಿ. ಮೆಡಿಕಲ್, ಎಂಜಿನಿಯರಿಂಗ್ ಕಾಲೇಜು ತುಂಬಿರುವ ಊರು ನಮ್ಮದು. ಲಕ್ಷಗಟ್ಟಲೆ ಫೀಸನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿ ಎರಡು ಸಾವಿರಕ್ಕೂ ಮೇಲೆ ಚಾರ್ಜ್ ಕೊಟ್ಟ ತಂದೆತಾಯಿಗಳು ನನಗೆ ಗೊತ್ತು. ಉಳಿತಾಯ ಖಾತೆಯಿಂದ ಆನ್‌ಲೈನ್ ನೆಫ್ಟ್‌ಗೆ 2020ರ ಜನವರಿಯಿಂದ ಶುಲ್ಕವಿಲ್ಲ. ಶಿಕ್ಷಣ ಸಂಸ್ಥೆ, ಆಸ್ಪತ್ರೆಗಳಿಗೆ ಯುಪಿಐ ಮಿತಿಯನ್ನು 5 ಲಕ್ಷಕ್ಕೆ ಏರಿಸುವುದಾಗಿ ರಿಸರ್ವ್ ಬ್ಯಾಂಕ್ 2023ರ ಡಿಸೆಂಬರಿನಲ್ಲೇ ಹೇಳಿದೆ. ಪುಟದಲ್ಲಿ ಮೊದಲು ಕಾಣುವ ಬಟನ್ ಒತ್ತಬೇಡಿ, ಕೆಳಗಿನವರೆಗೂ ನೋಡಿ. ಬೆಸ್ಕಾಂ ಬಿಲ್ಲಿಗೂ ಇದೇ ಮಾತು.

ಪೆಟ್ರೋಲ್ ಬಂಕಿನಲ್ಲಿ?

ಕ್ರೆಡಿಟ್ ಕಾರ್ಡಿಗೆ ಸುಮಾರು ಶೇ. 1 ಇಂಧನ ಸರ್ಚಾರ್ಜ್ ಬೀಳುತ್ತದೆ. ಬಹಳಷ್ಟು ಕಾರ್ಡುಗಳು ಒಂದು ಮಿತಿಯೊಳಗೆ ಅದನ್ನು ವಾಪಸ್ ಹಾಕುತ್ತವೆ, ಜಿಎಸ್‌ಟಿ ಭಾಗ ವಾಪಸ್ ಬರುವುದಿಲ್ಲ. ಹೆದ್ದಾರಿ ಬಂಕಿನ ಹುಡುಗನ ಜೊತೆ ಇದಕ್ಕೆ ಜಗಳ ಮಾಡಿ ಪ್ರಯೋಜನವಿಲ್ಲ.

"ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕುವುದೂ ಚಾರ್ಜ್ ತಪ್ಪಿಸಿಕೊಳ್ಳಲೇನಾ?

ಬ್ಯಾಂಕ್ ಖಾತೆಯಿಂದ ಬರುವ ಯುಪಿಐಗೆ ಚಾರ್ಜೇ ಇಲ್ಲ ಅಂದಮೇಲೆ ಅದಕ್ಕಲ್ಲ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮಾ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಹುಟ್ಟಿದ ಬೋರ್ಡುಗಳು ಅವು. ಹಳೆ ಬಾಕಿ ವಸೂಲಿ ಮಾಡುವುದಿಲ್ಲ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಅದೇ ತಿಂಗಳು ವ್ಯಾಪಾರಿಗಳ ಸಭೆಯಲ್ಲಿ ಹೇಳಿದ ಮೇಲೆ ಎಷ್ಟೋ ಕಡೆ ಕ್ಯೂಆರ್ ಮತ್ತೆ ಬಂತು. ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಅದರಲ್ಲಿ ನಗದೂ ಸೇರುತ್ತದೆ, ಬೋರ್ಡ್ ಹಾಕಿದ ಮಾತ್ರಕ್ಕೆ ವಹಿವಾಟು ಕಮ್ಮಿಯಾಗುವುದಿಲ್ಲ. ತರಕಾರಿ, ಹಾಲಿನಂಥ ತೆರಿಗೆಯಿಲ್ಲದ ಸಾಮಾನನ್ನಷ್ಟೇ ಮಾರುವವರಿಗೆ ನೋಂದಣಿಯೇ ಬೇಕಿಲ್ಲ.

ಮುಂದೆ ಯುಪಿಐಗೂ ಚಾರ್ಜ್ ಬರುತ್ತದಂತೆ, ಹೌದಾ?

2025ರ ಜೂನಿನಲ್ಲಿ ಈ ಸುದ್ದಿ ಹಬ್ಬಿದಾಗ ಕೇಂದ್ರ ಹಣಕಾಸು ಸಚಿವಾಲಯ ಅದು ಸುಳ್ಳು ಅಂದಿತು. ಹಾಗಂತ ಯುಪಿಐ ಪುಕ್ಕಟೆ ನಡೆಯುತ್ತಿಲ್ಲ. ಸಣ್ಣ ವ್ಯಾಪಾರಿಗಳಿಗೆ ಬರುವ 2,000ದವರೆಗಿನ ಪಾವತಿಗಳಿಗೆ ಶೇ. 0.15ರಂತೆ ಬ್ಯಾಂಕುಗಳಿಗೆ ಪ್ರೋತ್ಸಾಹಧನ ಕೊಡಲು ಕೇಂದ್ರ ಸಂಪುಟ 2024-25ನೇ ಸಾಲಿಗೆ 1,500 ಕೋಟಿ ಒಪ್ಪಿತ್ತು. ನಮ್ಮ ತೆರಿಗೆ ದುಡ್ಡೇ ಅದು. ಖರ್ಚನ್ನು ಯಾರಾದರೂ ಹೊರಲೇಬೇಕು ಅಂತ ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ ಅವರೂ ಹೇಳಿದ್ದಾರೆ.

ಬಲವಂತವಾಗಿ ತಗೊಂಡರು. ದೂರು ಎಲ್ಲಿ?

ಮೊದಲು ಚೀಟಿ ಜೋಪಾನ ಮಾಡಿ. ಬಿಲ್ಲಿನಲ್ಲಿ 10,000, ಮೆಷಿನ್ ಚೀಟಿಯಲ್ಲಿ 10,200 ಇದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. "ಚಾರ್ಜನ್ನೂ ಬಿಲ್ಲಿನಲ್ಲೇ ಬರೆದು ಕೊಡಿ" ಅಂತ ಮೆತ್ತಗೆ ಕೇಳಿ ನೋಡಿ. ಅರ್ಧ ಜನ ಅಲ್ಲಿಗೇ "ಹೋಗ್ಲಿ ಬಿಡ್ರಿ" ಅಂತಾರೆ. ಯಾಕೆಂದರೆ ಬಿಲ್ಲಿಗೆ ಬಂದರೆ ಅದೂ ಸಾಮಾನಿನ ಬೆಲೆಯ ಭಾಗವಾಗುತ್ತದೆ, ಅದರ ಮೇಲೂ ಜಿಎಸ್‌ಟಿ ಕಟ್ಟಬೇಕು.

ಮೆಷಿನ್ ಚೀಟಿಯ ಮೇಲ್ಗಡೆ ಬ್ಯಾಂಕಿನ ಹೆಸರು, ಎಂಐಡಿ, ಟಿಐಡಿ ಅಂತ ಅಂಗಡಿಯ ಮತ್ತು ಮೆಷಿನ್ನಿನ ಗುರುತಿನ ಸಂಖ್ಯೆಗಳಿರುತ್ತವೆ. ಅದು ಅಂಗಡಿಗೆ ಮೆಷಿನ್ ಕೊಟ್ಟ ಬ್ಯಾಂಕು. ಆ ಸಂಖ್ಯೆ ಸಮೇತ ಆ ಬ್ಯಾಂಕಿಗೂ ನಿಮ್ಮ ಕಾರ್ಡಿನ ಬ್ಯಾಂಕಿಗೂ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ದೂರು ವಿಚಾರಿಸುವ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಮಾಹಿತಿಗೆ 14448. ಒಂಬುಡ್ಸ್‌ಮನ್ ವಿಚಾರಿಸುವುದು ಬ್ಯಾಂಕನ್ನು, ಅಂಗಡಿಯನ್ನಲ್ಲ. ಅಂಗಡಿಯ ಮೇಲಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಹಾಕಬಹುದು. 200 ರೂಪಾಯಿಗೆ ಆಯೋಗದವರೆಗೆ ಹೋಗುವುದು ನಿಮ್ಮ ಹಟಕ್ಕೆ ಬಿಟ್ಟದ್ದು. 1915ಕ್ಕೆ ಫೋನ್ ಮಾಡಲು ಹಟ ಬೇಕಿಲ್ಲ.

ನಾನು ಅಂಗಡಿಯವ. ಎಲ್ಲಾ ನಮ್ಮ ತಲೆಗೇ ಕಟ್ಟಿದಿರಿ. ನಮಗೇನಾದರೂ ದಾರಿ ಇದೆಯಾ?

ಇದೆ, ಮತ್ತು ಅದನ್ನು ಯಾರೂ ಬಳಸುತ್ತಿಲ್ಲ. ನೀವು ಜಿಎಸ್‌ಟಿಯಲ್ಲಿ ಮಾಮೂಲಿ ನೋಂದಣಿ ಮಾಡಿಸಿದ್ದರೆ, ಎಂಡಿಆರ್ ಮೇಲೆ ಬ್ಯಾಂಕ್ ಹಾಕುವ ಶೇ. 18 ಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟುವ ಜಿಎಸ್‌ಟಿಯಲ್ಲಿ ಕಳೆದು, ವಾಪಸ್ ಪಡೆಯಬಹುದು. ಬ್ಯಾಂಕಿಗೆ ನಿಮ್ಮ ಜಿಎಸ್‌ಟಿ ಸಂಖ್ಯೆ ಕೊಟ್ಟಿರಬೇಕು ಅಷ್ಟೇ. ನನ್ನ ಹತ್ತಿರ ಲೆಕ್ಕ ಬರೆಸುವ ಒಬ್ಬರು ಮೂರು ವರ್ಷ ಕೊಟ್ಟಿರಲೇ ಇಲ್ಲ. ಕಾಂಪೋಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಮ್ಮಿ ದರದ ತೆರಿಗೆ ಕಟ್ಟುವ ಯೋಜನೆ) ಇರುವವರಿಗೆ ಈ ಅನುಕೂಲ ಇಲ್ಲ. ಉಳಿದ ಎಂಡಿಆರ್ ಪೂರ್ತಿ ವ್ಯಾಪಾರದ ಖರ್ಚಾಗಿ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯುತ್ತದೆ.

ಆಮೇಲೆ ದರ. ಡೆಬಿಟ್, ಕ್ರೆಡಿಟ್ ಎರಡಕ್ಕೂ ಒಂದೇ ದರ ಹಾಕಿದ್ದಾರಾ ನೋಡಿ. ಹಾಕಿದ್ದರೆ ಮೇಲೆ ಹೇಳಿದ ಮಿತಿ ತೋರಿಸಿ ಬ್ಯಾಂಕಿನವರನ್ನು ಕೇಳಿ. ಕ್ರೆಡಿಟ್ಟಿನ ದರ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಇನ್ನೊಂದು ಬ್ಯಾಂಕಿನ ದರಪಟ್ಟಿ ಮೇಜಿನ ಮೇಲಿಟ್ಟರೆ ಇಳಿಯುತ್ತದೆ. ಮೆಕ್ಕೆಜೋಳದ ಕ್ವಿಂಟಲಿಗೆ ಐದು ರೂಪಾಯಿ ಇಳಿಸಲು ಎಪಿಎಂಸಿಯಲ್ಲಿ ಅರ್ಧ ದಿನ ನಿಂತು ಮಾತಾಡುವವರು ನಾವು. ಅದೇ ಬ್ಯಾಂಕಿನವನು ಶೇ. 2.2 ಅಂದರೆ ಕಣ್ಣು ಮುಚ್ಚಿ ಸಹಿ ಹಾಕುತ್ತೇವೆ. ಅಂದಹಾಗೆ ಆ ಎಪಿಎಂಸಿಯಲ್ಲೂ ದಲ್ಲಾಳಿ ಕಮಿಷನ್ನನ್ನು ರೈತರ ಪಟ್ಟಿಯಲ್ಲಿ ಕತ್ತರಿಸುವಂತಿಲ್ಲ, ಖರೀದಿದಾರರೇ ಕೊಡಬೇಕು ಅಂತ ನಿಯಮ ಇದೆ. ಲೆಕ್ಕಕ್ಕೆ ಸಿಗದ ಬಿಳಿ ಚೀಟಿಯಲ್ಲಿ ಕತ್ತರಿಸಿದಾಗ ರೈತನಿಗೆ ಎಷ್ಟು ಉರಿಯುತ್ತದೆ ಅನ್ನುವುದು ಮಂಡಿಪೇಟೆಯ ನಿಮಗೆ ನಾನು ಹೇಳಬೇಕಿಲ್ಲ.